ವಾಟ್ ಅಂದ್ರೆ ಬರೀ ಯೂನಿಟ್ ಅಲ್ಲ

ವಾಟ್ ಅಂದ ಕೂಡಲೇ ನಮ್ಮಲ್ಲಿ ಯಾರಿಗಾದರೂ ನೆನಪಾಗೋದು ಬಲ್ಬು, ಫ್ಯಾನು, ಇಲ್ಲವೇ ಫಸ್ಟ್ ಇಯರ್‌ನ ಬೇಸಿಕ್ ಎಲೆಕ್ಟ್ರಿಕಲ್ ಪೇಪರ್. ಒಂದು ಸೆಕೆಂಡಿನಲ್ಲಿ ಒಂದು ಜೂಲ್ ಕೆಲಸ ನಡೆದರೆ ಅದು ಒಂದು ವಾಟ್. ಅಷ್ಟು ಬರೆದರೆ ಎರಡು ಮಾರ್ಕ್ಸ್ ಸಿಗುತ್ತೆ.

ಈ ಲೇಖನದ ವಾಟ್ ಬೇರೆ. ಇವರು ಜೆ.ಜೆ. ವಾಟ್, ಅಮೆರಿಕನ್ ಫುಟ್‌ಬಾಲ್ ಆಟಗಾರ. 2011ರಿಂದ 2022ರವರೆಗೆ ಹನ್ನೆರಡು ಸೀಸನ್ ಎನ್‌ಎಫ್‌ಎಲ್‌ನಲ್ಲಿ ಆಡಿ ನಿವೃತ್ತರಾದವರು. ಗೋಲು ಹೊಡೆಯುವ, ಪಾಯಿಂಟ್ ತರುವ ಆಟಗಾರ ಅಲ್ಲ. ಎದುರಾಳಿ ಪಾಯಿಂಟ್ ತರದಂತೆ ತಡೆಯೋದೇ ಇವರ ಕೆಲಸ. ನಮಗೆ ಕುತೂಹಲ ಹುಟ್ಟಿಸಿದ್ದೂ ಅದೇ. ಏನೋ ಆಗದಂತೆ ನೋಡಿಕೊಳ್ಳುವುದೇ ಕೆಲಸ ಆದರೆ, ಆ ಕೆಲಸ ಚೆನ್ನಾಗಿ ಮಾಡಿದ್ದಾರೆ ಅಂತ ಅಳೆಯೋದು ಹೇಗೆ? ಸರ್ವರ್ ಬೀಳದಂತೆ ನೋಡಿಕೊಳ್ಳುವವರು, ಸೇತುವೆ ಕುಸಿಯದಂತೆ ಡಿಸೈನ್ ಮಾಡುವವರು, ನಾಳೆ ನಾವೂ ಇಂಥ ಕೆಲಸಕ್ಕೇ ಹೋಗುವವರಲ್ವಾ? ಹಾಗಾಗಿ ಒಬ್ಬ ಡಿಫೆನ್ಸ್ ಆಟಗಾರನ ವೃತ್ತಿಜೀವನವನ್ನು ಒಂದು ಪಾಠದ ಹಾಗೆ ಓದಿ ನೋಡೋಣ ಅನ್ನಿಸಿತು.

ಮೊದಲು ಆಟ ಅರ್ಥ ಮಾಡ್ಕೊಳ್ಳೋಣ

ಮೈದಾನದ ಉದ್ದ 100 ಗಜ, ಅಂದರೆ ಸುಮಾರು 91 ಮೀಟರ್. ಎರಡು ತುದಿಯಲ್ಲೂ ಒಂದೊಂದು ಎಂಡ್ ಝೋನ್. ಒಂದೊಂದು ಕಡೆ 11 ಜನ. ಚೆಂಡು ಯಾರ ಕೈಯಲ್ಲಿದೆಯೋ ಆ ತಂಡ ಅಫೆನ್ಸ್, ಇನ್ನೊಂದು ಡಿಫೆನ್ಸ್. ಅಫೆನ್ಸ್‌ಗೆ ನಾಲ್ಕು ಅವಕಾಶ ಸಿಗುತ್ತೆ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಎಂಡ್ ಝೋನ್‌ಗೆ ತಲುಪಿಸಿದರೆ ಟಚ್‌ಡೌನ್, ಆರು ಪಾಯಿಂಟ್.

ನಮ್ಮ ಸಾಕರ್, ಹಾಕಿಗಿಂತ ಇಲ್ಲಿರೋ ದೊಡ್ಡ ವ್ಯತ್ಯಾಸ ಏನಂದರೆ ಅಫೆನ್ಸ್‌ಗೂ ಡಿಫೆನ್ಸ್‌ಗೂ ಬೇರೆ ಬೇರೆ ಆಟಗಾರರೇ ಇರ್ತಾರೆ. ಚೆಂಡು ಕೈ ಬದಲಾದರೆ ಹನ್ನೊಂದೂ ಜನ ಹೊರಗೆ ಹೋಗಿ ಇನ್ನೊಂದು ಹನ್ನೊಂದು ಜನ ಒಳಗೆ ಬರ್ತಾರೆ.

ಅಫೆನ್ಸ್‌ನ ತಲೆ ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಅವನ ಕೈಗೆ ಬರುತ್ತೆ, ಅವನು ಅದನ್ನು ದೂರ ಓಡುತ್ತಿರುವ ಜೊತೆಗಾರನಿಗೆ ಎಸೀತಾನೆ. ಅವನನ್ನು ಕಾಯೋಕೆ ಮುಂದೆ ಐದು ಜನ ದೈತ್ಯರ ಗೋಡೆ ಇರುತ್ತೆ. ಆ ಗೋಡೆ ದಾಟಿ, ಅವನು ಎಸೆಯುವ ಮೊದಲೇ ಅವನನ್ನು ಹಿಡಿದು ನೆಲಕ್ಕೆ ಕೆಡವಿದರೆ ಅದಕ್ಕೆ ಸ್ಯಾಕ್ ಅಂತಾರೆ. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ ಸ್ಯಾಕ್. ಇದಕ್ಕೆಲ್ಲ ಸಿಗೋ ಸಮಯ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಸೆಕೆಂಡು ಮಾತ್ರ. ಎನ್‌ಎಫ್‌ಎಲ್ ಸ್ಯಾಕ್‌ಗಳನ್ನು ಒಬ್ಬೊಬ್ಬ ಆಟಗಾರನ ಹೆಸರಲ್ಲಿ ಅಧಿಕೃತವಾಗಿ ಎಣಿಸೋಕೆ ಶುರು ಮಾಡಿದ್ದೇ 1982ರಲ್ಲಿ. ಅದಕ್ಕೂ ಮೊದಲು ಆಡಿದ ಎಷ್ಟೋ ಡಿಫೆನ್ಸ್ ದಿಗ್ಗಜರ ಮುಖ್ಯವಾದ ಕೆಲಸ ಅಧಿಕೃತ ಲೆಕ್ಕದಲ್ಲೇ ಇಲ್ಲ. ಅಳತೆ ಇಲ್ಲ ಅಂದ ಮಾತ್ರಕ್ಕೆ ಕೆಲಸ ನಡೆದಿಲ್ಲ ಅಂತ ಅರ್ಥ ಅಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಹತ್ತೊಂಬತ್ತರಲ್ಲಿ ಬಿಟ್ಟ ಸ್ಕಾಲರ್‌ಶಿಪ್

ವಾಟ್ ಹುಟ್ಟಿದ್ದು 1989ರಲ್ಲಿ, ವಿಸ್ಕಾನ್ಸಿನ್ ರಾಜ್ಯದಲ್ಲಿ. ಅಪ್ಪ ಅಗ್ನಿಶಾಮಕ ದಳದಲ್ಲಿದ್ದವರು. 2007ರಲ್ಲಿ ಸೆಂಟ್ರಲ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿತು. ಆದರೆ ಅಲ್ಲಿ ಅವರು ಡಿಫೆನ್ಸ್ ಆಟಗಾರ ಅಲ್ಲ. ಟೈಟ್ ಎಂಡ್, ಅಂದರೆ ಅಫೆನ್ಸ್‌ನಲ್ಲಿ ಚೆಂಡು ಹಿಡಿಯುವ ಜಾಗ. ಆ ಇಡೀ ಸೀಸನ್‌ನಲ್ಲಿ ಅವರ ಕೈಗೆ ಬಂದ ಪಾಸ್ ಎಂಟು. ಆಮೇಲೆ ಕೋಚ್‌ಗಳು, ನೀನು ಗೋಡೆಯಲ್ಲಿ ನಿಲ್ಲು, ಟ್ಯಾಕಲ್ ಜಾಗಕ್ಕೆ ಬಾ ಅಂದರು. ವಾಟ್‌ಗೆ ಅದು ಬೇಡವಾಗಿತ್ತು.

ಸ್ಕಾಲರ್‌ಶಿಪ್ ಬಿಟ್ಟು ಊರಿಗೆ ಬಂದರು. ಚಿಕ್ಕಂದಿನಿಂದ ಆಸೆ ಇದ್ದದ್ದು ತಮ್ಮದೇ ರಾಜ್ಯದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡದ ಮೇಲೆ. ಅಲ್ಲಿ ವಾಕ್-ಆನ್ ಆಗಿ ಸೇರಿಕೊಳ್ಳುವ ನಿರ್ಧಾರ. ವಾಕ್-ಆನ್ ಅಂದರೆ ಫೀಸು ನಿನ್ನದೇ, ತಂಡದಲ್ಲಿ ಜಾಗ ಸಿಗುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕೈಯಲ್ಲಿದ್ದ ಮೆರಿಟ್ ಸೀಟು ಬಿಟ್ಟು ಡ್ರಾಪ್ ತಗೊಂಡ ಹಾಗೆ. ಮನೆಯಲ್ಲಿ ಏನಂತಾರೆ ಅಂತ ನಾವು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ ಮಧ್ಯದ ತಿಂಗಳುಗಳಲ್ಲಿ ವಾಟ್ ಊರಲ್ಲಿ ಪಿಜ್ಜಾ ಹಟ್‌ನಲ್ಲಿ ಡೆಲಿವರಿ ಕೆಲಸ ಮಾಡ್ತಿದ್ದರು. ಒಂದು ಮನೆ ಬಾಗಿಲು ತೆರೆದ ಚಿಕ್ಕ ಹುಡುಗ ಗುರುತು ಹಿಡಿದು, ನೀವು ಫುಟ್‌ಬಾಲ್ ಆಡ್ತಿದ್ದವರಲ್ವಾ, ಪಿಜ್ಜಾ ಯಾಕೆ ತರ್ತಿದೀರಾ ಅಂತ ಕೇಳಿದ ಪ್ರಸಂಗವನ್ನು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆಗ ಅವರ ವಯಸ್ಸು 19. ನಮ್ಮದೇ ವಯಸ್ಸು.

2008ರಲ್ಲಿ ವಿಸ್ಕಾನ್ಸಿನ್ ಸೇರಿದರೂ ಆ ಇಡೀ ವರ್ಷ ಪಂದ್ಯ ಆಡಲಿಲ್ಲ. ಸ್ಕೌಟ್ ಟೀಮ್‌ನಲ್ಲಿದ್ದರು. ಮುಂದಿನ ವಾರದ ಎದುರಾಳಿ ಹೇಗೆ ಆಡ್ತಾರೋ ಹಾಗೆ ಪ್ರಾಕ್ಟೀಸ್‌ನಲ್ಲಿ ಆಡಿ ತೋರಿಸೋದು ಆ ತಂಡದ ಕೆಲಸ. ಶನಿವಾರದ ಪಂದ್ಯಕ್ಕೆ ಸ್ಟೇಡಿಯಂ ತುಂಬಿದರೂ ಅವರ ಹೆಸರು ಕೂಗೋರು ಯಾರೂ ಇಲ್ಲ. ಡಿಫೆನ್ಸಿವ್ ಎಂಡ್ ಆಗಿದ್ದು ಇಲ್ಲೇ. 2009 ಮತ್ತು 2010ರಲ್ಲಿ ಆಡಿದರು, 2011ರ ಡ್ರಾಫ್ಟ್‌ನಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ತಂಡ 11ನೆಯವರಾಗಿ ಆರಿಸಿಕೊಂಡಿತು. ಹ್ಯೂಸ್ಟನ್‌ನಲ್ಲಿ ಸೇರಿದ್ದ ಅಭಿಮಾನಿಗಳಲ್ಲಿ ಕೆಲವರು ಆ ಹೆಸರು ಕೇಳಿ ಬೂ ಅಂದರು.

ಇಲ್ಲಿ ಒಂದು ಎಚ್ಚರಿಕೆ. ಕನಸಿಗಾಗಿ ಎಲ್ಲ ಬಿಟ್ಟುಬಿಡಿ ಅಂತ ನಾವು ಹೇಳ್ತಿಲ್ಲ. ಸ್ಕಾಲರ್‌ಶಿಪ್ ಇಲ್ಲದೆ ಸೇರಿದ ವಾಕ್-ಆನ್‌ಗಳಲ್ಲಿ ಎನ್‌ಎಫ್‌ಎಲ್ ಮುಟ್ಟುವವರು ತೀರಾ ಕಡಿಮೆ. ಮುಟ್ಟದವರ ಬಗ್ಗೆ ಯಾರೂ ಲೇಖನ ಬರೆಯಲ್ಲ, ಹಾಗಾಗಿ ಗೆದ್ದವರ ಕಥೆಯಷ್ಟೇ ನಮ್ಮ ಕಿವಿಗೆ ಬೀಳುತ್ತೆ. ವಾಟ್ ಕಥೆಯಲ್ಲಿ ನಮಗೆ ಮುಖ್ಯ ಅನ್ನಿಸಿದ್ದು ಬಿಟ್ಟಿದ್ದಲ್ಲ. ಬಿಟ್ಟ ಮೇಲೆ ಯಾರೂ ನೋಡದ ಒಂದು ವರ್ಷವನ್ನು ಹೇಗೆ ಬಳಸಿಕೊಂಡರು ಅನ್ನೋದು.

ಎರಡೂವರೆ ಸೆಕೆಂಡಿನ ಮೆಕ್ಯಾನಿಕ್ಸ್

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ವಾಟ್ ಎತ್ತರ 6 ಅಡಿ 5 ಇಂಚು, ತೂಕ ಸುಮಾರು 130 ಕೆಜಿ. ಎದುರಿಗೆ ಗೋಡೆಯಲ್ಲಿ ನಿಲ್ಲುವವರು ಇನ್ನೂ ಭಾರ, ಹಲವರು 140 ಕೆಜಿ ದಾಟಿದವರು. ಎಷ್ಟೋ ಸಲ ಇಬ್ಬರು ಸೇರಿ ಒಬ್ಬ ವಾಟ್‌ನನ್ನು ತಡೀತಿದ್ದರು. ತೂಕದಲ್ಲಿ ಗೆಲ್ಲೋಕೆ ಆಗದಿದ್ದರೆ ಹೇಗೆ ಗೆಲ್ಲೋದು?

ಈ ಆಟದ ಕೋಚ್‌ಗಳೆಲ್ಲ ಹೇಳುವ ಒಂದು ಮಾತಿದೆ: ಯಾರು ಕೆಳಗಿರ್ತಾರೋ ಅವರು ಗೆಲ್ತಾರೆ. ಫ್ರೀ ಬಾಡಿ ಡಯಾಗ್ರಾಂ ಬರೆದರೆ ಕಾರಣ ಗೊತ್ತಾಗುತ್ತೆ. ಮೊಣಕಾಲು ಬಗ್ಗಿಸಿ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ತಳ್ಳಿದಾಗ ಆ ಬಲಕ್ಕೆ ಎರಡು ಭಾಗ, ಒಂದು ಮುಂದಕ್ಕೆ, ಒಂದು ಮೇಲಕ್ಕೆ. ಮೇಲಿನ ಭಾಗ ಎದುರಾಳಿಯ ಸ್ವಲ್ಪ ಭಾರವನ್ನು ನೆಲದಿಂದ ಎತ್ತುತ್ತೆ. ಅವನ ಕಾಲಡಿಯ ನಾರ್ಮಲ್ ಫೋರ್ಸ್ ಕಡಿಮೆ ಆಗುತ್ತೆ. ಘರ್ಷಣೆ ಅಂದರೆ ಮ್ಯೂ ಇಂಟು ಎನ್. ಎನ್ ಇಳಿದರೆ ಅವನ ಹಿಡಿತವೂ ಇಳಿಯುತ್ತೆ. ನ್ಯೂಟನ್‌ನ ಮೂರನೇ ನಿಯಮದ ಪ್ರಕಾರ ಅಷ್ಟೇ ಬಲ ನಮ್ಮನ್ನು ನೆಲಕ್ಕೆ ಒತ್ತುತ್ತೆ, ಅಂದರೆ ನಮ್ಮ ಹಿಡಿತ ಜಾಸ್ತಿ. ಒಂದೇ ತಳ್ಳಿನಲ್ಲಿ ಅವನಿಗೆ ನಷ್ಟ, ನಮಗೆ ಲಾಭ. ಮಂಚವನ್ನು ತಳ್ಳಿ ಸರಿಸೋಕೆ ಆಗದಿದ್ದಾಗ ಒಂದು ಬದಿ ಸ್ವಲ್ಪ ಎತ್ತಿ ಸರಿಸ್ತೀವಲ್ಲ, ಅದೇ ಲಾಜಿಕ್.

ತಳ್ಳೋದು ಬೇಡ ಅನ್ನಿಸಿದರೆ ವಾಟ್ ಬಳಸುತ್ತಿದ್ದದ್ದು ಸ್ವಿಮ್ ಮೂವ್. ಒಂದು ಕೈಯಿಂದ ಎದುರಾಳಿಯ ಭುಜ ಪಕ್ಕಕ್ಕೆ ಒತ್ತಿ, ಇನ್ನೊಂದು ಕೈಯನ್ನು ಈಜುವವರ ಹಾಗೆ ಅವನ ಮೇಲಿಂದ ತಿರುಗಿಸಿ ಪಕ್ಕದಿಂದ ಜಾರಿಕೊಳ್ಳೋದು. ಇಷ್ಟು ದೊಡ್ಡ ದೇಹದವರು ಇಷ್ಟು ಚುರುಕಾಗಿ ಜಾರಿಕೊಳ್ತಾರೆ ಅಂತ ನಂಬೋಕೆ ವಿಡಿಯೋನೇ ನೋಡಬೇಕು.

ಇನ್ನು ಡಿಕ್ಕಿಯ ಲೆಕ್ಕ. ಇವು ನಮ್ಮ ಅಂದಾಜು ಸಂಖ್ಯೆಗಳು, ಯಾವ ಪಂದ್ಯದಲ್ಲೂ ಅಳೆದದ್ದಲ್ಲ. 130 ಕೆಜಿ ದೇಹ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂದು, ನಿಂತಿರುವ 100 ಕೆಜಿ ಕ್ವಾರ್ಟರ್‌ಬ್ಯಾಕ್‌ಗೆ ಗುದ್ದಿ ತಬ್ಬಿಕೊಂಡಿತು ಅಂದುಕೊಳ್ಳಿ. ಮೊಮೆಂಟಂ 780 ಯೂನಿಟ್, ಒಟ್ಟು ತೂಕ 230 ಕೆಜಿ. ಗುದ್ದಿದ ಮೇಲೆ ಇಬ್ಬರೂ ಸೇರಿ ಹೋಗುವ ವೇಗ ಸೆಕೆಂಡಿಗೆ ಸುಮಾರು 3.4 ಮೀಟರ್. ಇದು 0.2 ಸೆಕೆಂಡಿನಲ್ಲಿ ಆಯಿತು ಅಂದರೆ ಸರಾಸರಿ ಬಲ 1,700 ನ್ಯೂಟನ್, ಅಂದರೆ ಸುಮಾರು 170 ಕೆಜಿ ತೂಕ ಮೈಮೇಲೆ ಬಿದ್ದಷ್ಟು. ಇಲ್ಲಿ ನಾವೆಲ್ಲ ಮರೆಯೋದು ಒಂದು: ಅಷ್ಟೇ ಬಲ ಗುದ್ದಿದವರ ಮೇಲೂ ಬೀಳುತ್ತೆ. ಮೂರನೇ ನಿಯಮ ಡಿಫೆನ್ಸ್, ಅಫೆನ್ಸ್ ಅಂತ ನೋಡಲ್ಲ.

ತಲುಪೋಕೆ ಆಗದಿದ್ದರೆ ಕೈ ಎತ್ತು

2010ರಲ್ಲಿ ಟೆಕ್ಸನ್ಸ್ ಡಿಫೆನ್ಸ್, ಬಿಟ್ಟುಕೊಟ್ಟ ಗಜಗಳ ಲೆಕ್ಕದಲ್ಲಿ 32 ತಂಡಗಳಲ್ಲಿ 30ನೆಯದು. 2011ರಲ್ಲಿ ವೇಡ್ ಫಿಲಿಪ್ಸ್ ಅನ್ನೋ ಹೊಸ ಡಿಫೆನ್ಸ್ ಕೋಚ್ ಬಂದರು, ವಾಟ್ ಬಂದರು, ಇನ್ನೂ ಕೆಲವರು ಬಂದರು. ಆ ವರ್ಷ ಅದೇ ಡಿಫೆನ್ಸ್ ಎರಡನೇ ಸ್ಥಾನಕ್ಕೆ ಏರಿತು. ವಾಟ್ ಸ್ಯಾಕ್ ಎಷ್ಟು? ಬರೀ 5.5.

2012ರ ಜನವರಿ 7ರಂದು ಟೆಕ್ಸನ್ಸ್ ತನ್ನ ಇತಿಹಾಸದ ಮೊದಲ ಪ್ಲೇಆಫ್ ಪಂದ್ಯ ಆಡಿತು, ಸಿನ್ಸಿನಾಟಿ ಬೆಂಗಲ್ಸ್ ವಿರುದ್ಧ. ಹಾಫ್ ಟೈಮ್‌ಗೆ ಸ್ವಲ್ಪ ಮುಂಚೆ ಸ್ಕೋರ್ 10-10. ಕ್ವಾರ್ಟರ್‌ಬ್ಯಾಕ್ ಆಂಡಿ ಡಾಲ್ಟನ್ ಪಾಸ್ ಎಸೆದರು. ಅವರನ್ನು ಮುಟ್ಟೋಕೆ ಆಗದ ವಾಟ್ ಇದ್ದಲ್ಲೇ ಕೈ ಎತ್ತಿ ನೆಗೆದರು. ಚೆಂಡು ತಡೆಯೋದಷ್ಟೇ ಅಲ್ಲ, ಹಿಡಿದೇಬಿಟ್ಟರು. 29 ಗಜ ಓಡಿ ಟಚ್‌ಡೌನ್. ಟೆಕ್ಸನ್ಸ್ 31-10ರಿಂದ ಗೆದ್ದಿತು. ಒಂದು ಕಾಲದಲ್ಲಿ ಬೂ ಅಂದಿದ್ದ ಊರು ಅವತ್ತು ಬದಲಾಯಿತು.

ಇದು ಅದೃಷ್ಟ ಅಲ್ಲ ಅಂತ ಗೊತ್ತಾಗಿದ್ದು ಮುಂದಿನ ಸೀಸನ್‌ನಲ್ಲಿ. 2012ರಲ್ಲಿ ವಾಟ್ 20.5 ಸ್ಯಾಕ್ ಜೊತೆಗೆ 16 ಪಾಸ್‌ಗಳನ್ನು ತಡೆದರು. ಗೋಡೆಯ ಎದುರು ನಿಂತು ಆಡುವವರಿಗೆ ಅದು ತುಂಬಾ ದೊಡ್ಡ ಸಂಖ್ಯೆ. ಅಭಿಮಾನಿಗಳು ಹೆಸರನ್ನೇ ಜೆ.ಜೆ. ಸ್ವಾಟ್ ಅಂತ ತಿರುಚಿದರು. ಸ್ವಾಟ್ ಅಂದರೆ ನೊಣ ಹೊಡೆದ ಹಾಗೆ ಹೊಡೆಯೋದು.

ಇದರಲ್ಲೂ ಲೆಕ್ಕ ಇದೆ. ಚೆಂಡು ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಹೊರಟು, 3 ಮೀಟರ್ ದೂರದಲ್ಲಿ ವಾಟ್ ಇದ್ದಾರೆ ಅಂದರೆ ಅದು ಅವರ ಹತ್ತಿರ ಬರೋಕೆ ಬೇಕಾಗೋದು 0.14 ಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯ ಪ್ರತಿಕ್ರಿಯಿಸೋಕೆ ಸುಮಾರು 0.2 ಸೆಕೆಂಡು ಬೇಕು. ಅಂದರೆ ಚೆಂಡು ನೋಡಿ ನೆಗೆದರೆ ಆಗಲೇ ತಡ. ಕ್ವಾರ್ಟರ್‌ಬ್ಯಾಕ್‌ನ ಕಣ್ಣು, ಭುಜ, ಮೊಣಕೈ ನೋಡಿ ಚೆಂಡು ಕೈ ಬಿಡುವ ಮೊದಲೇ ನೆಗೆದಿರಬೇಕು. ಇಬ್ಬರು ಮೈಮೇಲೆ ಬಿದ್ದು ತಳ್ಳುತ್ತಿರುವಾಗಲೇ ಇದನ್ನೂ ಗಮನಿಸಬೇಕು. ನಮಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟ ಆಗಿದ್ದು ಇದೇ. ದಾರಿ ಮುಚ್ಚಿದೆ ಅಂತ ಗೊತ್ತಾದಾಗ ವಾಟ್ ಆ ಪ್ರಯತ್ನವನ್ನು ಅಲ್ಲಿಗೇ ಬಿಡುತ್ತಿರಲಿಲ್ಲ, ಇದ್ದ ಜಾಗದಲ್ಲೇ ಉಪಯೋಗಕ್ಕೆ ಬರುವ ಇನ್ನೊಂದು ಕೆಲಸ ಮಾಡುತ್ತಿದ್ದರು.

ಹನ್ನೆರಡು ಸಂಖ್ಯೆಗಳ ಸಾಲು

2011ರಿಂದ 2022ರವರೆಗೆ ವರ್ಷಕ್ಕೊಂದರಂತೆ ವಾಟ್ ಸ್ಯಾಕ್‌ಗಳು ಹೀಗಿವೆ:

5.5, 20.5, 10.5, 20.5, 17.5, 1.5, 0, 16, 4, 5, 1, 12.5.

ಒಟ್ಟು 114.5. ಎರಡು ಸೀಸನ್‌ಗಳಲ್ಲಿ 20ಕ್ಕಿಂತ ಹೆಚ್ಚು ಸ್ಯಾಕ್ ಮಾಡಿದ ಮೊದಲ ಆಟಗಾರ ಅವರು. 2012, 2014, 2015, ಹೀಗೆ ಮೂರು ಸಲ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ ಪ್ರಶಸ್ತಿ. 2014ರಲ್ಲಂತೂ ಐದು ಟಚ್‌ಡೌನ್ ಕೂಡ ಮಾಡಿದರು. ಅದರಲ್ಲಿ ಮೂರು, ಕಾಲೇಜಿನಲ್ಲಿ ಬಿಟ್ಟಿದ್ದ ಅದೇ ಟೈಟ್ ಎಂಡ್ ಜಾಗದಲ್ಲಿ ನಿಂತು ಪಾಸ್ ಹಿಡಿದು ಮಾಡಿದ್ದು! ಆ ವರ್ಷದ ಎಂವಿಪಿ ಆಯ್ಕೆಯಲ್ಲಿ 50 ಮತಗಳಲ್ಲಿ 13 ಇವರಿಗೆ ಬಂದವು. 31 ಮತ ಪಡೆದ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಗೆದ್ದರು. ಆ ಹೊತ್ತಿಗೆ ಎಂವಿಪಿ ಗೆದ್ದಿದ್ದ ಡಿಫೆನ್ಸ್ ಆಟಗಾರರು ಇಬ್ಬರೇ: 1971ರಲ್ಲಿ ಅಲನ್ ಪೇಜ್, 1986ರಲ್ಲಿ ಲಾರೆನ್ಸ್ ಟೇಲರ್. ತಡೆಯುವವರಿಗೆ ಬಹುಮಾನ ಕೊಡೋದು ಎಷ್ಟು ಅಪರೂಪ ಅಂತ ಇದರಿಂದಲೇ ತಿಳಿಯುತ್ತೆ.

ಆದರೆ ಈ ಸಾಲನ್ನು ಹಾಗೇ ಓದಿದರೆ ಮೋಸ ಹೋಗ್ತೀವಿ. 2013 ನೋಡಿ. 10.5 ಸ್ಯಾಕ್ ಮಾಡಿದ ವರ್ಷ ತಂಡ ಮೊದಲ ಎರಡು ಪಂದ್ಯ ಗೆದ್ದು ಆಮೇಲೆ ಸತತ 14 ಸೋತಿತು. ಒಬ್ಬರು ಎಷ್ಟೇ ಚೆನ್ನಾಗಿ ತಡೆದರೂ ಹನ್ನೊಂದು ಜನರ ಕೆಲಸ ಒಬ್ಬರಿಂದ ಆಗಲ್ಲ. ಹನ್ನೆರಡು ವರ್ಷದಲ್ಲಿ ವಾಟ್ ಒಮ್ಮೆಯೂ ಸೂಪರ್ ಬೌಲ್ ಆಡಲಿಲ್ಲ. ಅದಕ್ಕೆ ಹಿಂದಿನ ಮೆಟ್ಟಿಲಾದ ಕಾನ್ಫರೆನ್ಸ್ ಫೈನಲ್ ಕೂಡ ಮುಟ್ಟಲಿಲ್ಲ. ಇನ್ನೊಂದು ವಿಷಯ, ಇಬ್ಬರು ವಾಟ್ ಮೇಲೆ ಬಿದ್ದರೆ ಪಕ್ಕದ ಜೊತೆಗಾರನಿಗೆ ದಾರಿ ಖಾಲಿ. ಸ್ಯಾಕ್ ಅವನ ಹೆಸರಿಗೆ ಹೋಗುತ್ತೆ, ವಾಟ್ ಹೆಸರ ಮುಂದೆ ಏನೂ ಬರೆಯಲ್ಲ.

ಇನ್ನು ಆ 1.5, ಆ ಸೊನ್ನೆ?

ದೇಹದ ಲೆಕ್ಕ

2015ರಲ್ಲಿ ವಾಟ್ ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಆಡಿದ್ದರು, ತೊಡೆಸಂದಿಯ ಸ್ನಾಯುಗಳೂ ಹರಿದಿದ್ದವು. ಆ ವರ್ಷವೇ 17.5 ಸ್ಯಾಕ್, ಮೂರನೇ ಪ್ರಶಸ್ತಿ. ಸೀಸನ್ ಮುಗಿದ ಮೇಲೆ ಆಪರೇಷನ್. 2016ರ ಜುಲೈನಲ್ಲಿ ಬೆನ್ನಿನ ಡಿಸ್ಕ್‌ಗೆ ಆಪರೇಷನ್. ಬೇಗ ವಾಪಸ್ ಬಂದು ಮೂರು ಪಂದ್ಯ ಆಡಿದರು, ಮತ್ತೆ ಅದೇ ಬೆನ್ನು, ಮತ್ತೆ ಆಪರೇಷನ್. 2017ರ ಅಕ್ಟೋಬರ್‌ನಲ್ಲಿ ಐದನೇ ಪಂದ್ಯದಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. 2019ರಲ್ಲಿ ಎದೆಯ ಸ್ನಾಯು ಹರಿಯಿತು. 2021ರಲ್ಲಿ ಅರಿಝೋನಾ ಕಾರ್ಡಿನಲ್ಸ್‌ಗೆ ಹೋದ ಮೇಲೆ ಭುಜ. 2022ರಲ್ಲಿ ಒಂದು ಬುಧವಾರ ಹೃದಯದ ಬಡಿತವೇ ಏರುಪೇರಾಗಿ, ಗುರುವಾರ ಶಾಕ್ ಕೊಟ್ಟು ಸರಿಮಾಡಿ, ಭಾನುವಾರ ಪಂದ್ಯ ಆಡಿದರು.

ಲೆಕ್ಕ ಹಾಕಿದರೆ, ಆ ಹನ್ನೆರಡು ಸೀಸನ್‌ನಲ್ಲಿ ಲೀಗ್ ಹಂತದ 194 ಪಂದ್ಯಗಳಿದ್ದವು. ವಾಟ್ ಆಡಿದ್ದು 151, ತಪ್ಪಿದ್ದು 43. ಮೊದಲ ಐದು ವರ್ಷ ಒಂದೂ ತಪ್ಪಿರಲಿಲ್ಲ. ನಮ್ಮ ಮೆಟೀರಿಯಲ್ಸ್ ಸಬ್ಜೆಕ್ಟ್‌ನಲ್ಲಿ ಫಟೀಗ್ ಅಂತ ಓದ್ತೀವಿ: ಒಂದೇ ಏಟಿಗೆ ಮುರಿಯದ ಲೋಹ, ಸಣ್ಣ ಸಣ್ಣ ಏಟು ಸಾವಿರ ಸಲ ಬಿದ್ದರೆ ಮುರಿಯುತ್ತೆ. ದೇಹ ಲೋಹದ ಹಾಗಲ್ಲ, ವಾಸಿ ಆಗುತ್ತೆ. ಆದರೆ ವಾಸಿ ಆಗೋಕೆ ಸಮಯ ಬೇಕು. ಆ ಸಮಯ ಕೊಡದೆ ಇದ್ದರೆ ಏನಾಗುತ್ತೆ ಅನ್ನೋದಕ್ಕೆ 2016 ಸಾಕ್ಷಿ. ಮುರಿದ ಕೈಯಲ್ಲಿ ಆಡಿದ್ದನ್ನು ನಾವು ಶೌರ್ಯ ಅಂತ ಹೊಗಳೋದು ಸುಲಭ. ಅದರ ಬಿಲ್ಲು ಆಮೇಲೆ ಬಂತು ಅನ್ನೋದನ್ನೂ ಹೇಳಬೇಕು. ಮೂಳೆ, ಸ್ನಾಯು ಆದರೆ ಎಕ್ಸ್‌ರೇ, ಸ್ಕ್ಯಾನಿನಲ್ಲಿ ಕಾಣುತ್ತೆ. ತಲೆಗೆ ಬಿದ್ದ ಏಟು ಕಾಣಲ್ಲ. ಇಪ್ಪತ್ತು ಸೀಸನ್ ಆಡಿದ್ದ ಜೂನಿಯರ್ ಸೇಔ ಅನ್ನೋ ಇನ್ನೊಬ್ಬ ಡಿಫೆನ್ಸ್ ಆಟಗಾರ 2012ರಲ್ಲಿ ತೀರಿಕೊಂಡ ನಂತರವೇ ಅವರ ಮೆದುಳಿನಲ್ಲಿ, ಪದೇ ಪದೇ ಏಟು ಬಿದ್ದು ಬರುವ ಸಿಟಿಇ ಕಾಯಿಲೆ ಇತ್ತು ಅಂತ ಗೊತ್ತಾಗಿದ್ದು.

ಸೊನ್ನೆಯ ವರ್ಷ

ಆ ಸಾಲಿನ ಸೊನ್ನೆ 2017ರದ್ದು. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಹಾರ್ವಿ ಚಂಡಮಾರುತ ಬಂದು ಹ್ಯೂಸ್ಟನ್ ನೀರಲ್ಲಿ ಮುಳುಗಿತು. ವಾಟ್ ತಮ್ಮ ಒಂದು ಲಕ್ಷ ಡಾಲರ್ ಹಾಕಿ ಆನ್‌ಲೈನ್‌ನಲ್ಲಿ ದೇಣಿಗೆ ಕೇಳಿದರು. ಗುರಿ ಇದ್ದದ್ದು ಎರಡು ಲಕ್ಷ ಡಾಲರ್. ಬಂದದ್ದು 3.7 ಕೋಟಿ ಡಾಲರ್‌ಗಿಂತ ಹೆಚ್ಚು. ಮನೆ ಕಟ್ಟೋಕೆ, ಶಿಶುಪಾಲನಾ ಕೇಂದ್ರ ರಿಪೇರಿಗೆ, ಊಟಕ್ಕೆ, ಔಷಧಿಗೆ ಆ ಹಣ ಹೋಯಿತು. ಸಮಾಜಸೇವೆಗಾಗಿ ಲೀಗ್ ಕೊಡುವ ವಾಲ್ಟರ್ ಪೇಟನ್ ಪ್ರಶಸ್ತಿ ಆ ಸೀಸನ್‌ಗೆ ಅವರಿಗೆ ಸಿಕ್ಕಿತು. ಅಂಕಿಅಂಶದ ಪುಟದಲ್ಲಿ ಮಾತ್ರ ಆ ವರ್ಷ ಇವತ್ತಿಗೂ ಸೊನ್ನೆಯೇ.

ಮರುವರ್ಷ, ಇನ್ನು ಮುಗೀತು ಅಂತ ಹಲವರು ಅಂದುಕೊಂಡಿದ್ದಾಗ, 16 ಪಂದ್ಯ, 16 ಸ್ಯಾಕ್. 2022ರ ಡಿಸೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು. ಆಗ ವಯಸ್ಸು 33. ಅದೇ ಅಕ್ಟೋಬರ್‌ನಲ್ಲಿ ಮೊದಲ ಮಗು ಹುಟ್ಟಿತ್ತು. ಆ ಕೊನೆಯ ಸೀಸನ್‌ನಲ್ಲಿ 12.5 ಸ್ಯಾಕ್. ಆಡೋಕೆ ಆಗದೆ ಬಿಟ್ಟಿದ್ದಲ್ಲ, ಆಡೋಕೆ ಆಗುವಾಗಲೇ ಬಿಟ್ಟಿದ್ದು. 19ರಲ್ಲಿ ಸ್ಕಾಲರ್‌ಶಿಪ್ ಬಿಟ್ಟಾಗ ಮುಂದೇನು ಅಂತ ಅವರಿಗೆ ಗೊತ್ತಿರಲಿಲ್ಲ. 33ರಲ್ಲಿ ಬಿಟ್ಟಾಗ, ತಾವು ಏನನ್ನು ಬಿಡ್ತಿದೀವಿ, ಯಾಕೆ ಬಿಡ್ತಿದೀವಿ ಅಂತ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ನಮ್ಮ ಮಾತು

ನಾವೂ ಸಂಖ್ಯೆಗಳ ನಡುವೆಯೇ ಬದುಕ್ತಿದೀವಿ. ಸಿಜಿಪಿಎ, ಅಟೆಂಡೆನ್ಸ್, ಪ್ಯಾಕೇಜ್. ಸಂಖ್ಯೆ ಸುಳ್ಳು ಅಂತ ನಾವು ಹೇಳಲ್ಲ, 20.5 ಅನ್ನೋದು ನಿಜವಾದ ಕೆಲಸದ ನಿಜವಾದ ಗುರುತು. ಆದರೆ ಎತ್ತಿದ ಕೈ, ಪಕ್ಕದವನಿಗೆ ತೆರೆದ ದಾರಿ, ಸ್ಕೌಟ್ ಟೀಮಿನ ಆ ಒಂದು ವರ್ಷ, ಸೊನ್ನೆಯ ವರ್ಷದ ದೇಣಿಗೆ, ಇವು ಯಾವುದೂ ಆ ಹನ್ನೆರಡು ಸಂಖ್ಯೆಗಳಲ್ಲಿ ಇಲ್ಲ. ಬೆನ್ನು ನೋವೂ ಇಲ್ಲ.

ಒಂದು ಸಣ್ಣ ಹೋಮ್‌ವರ್ಕ್. ಯೂಟ್ಯೂಬಿನಲ್ಲಿ ಯಾವುದಾದರೂ ಅಮೆರಿಕನ್ ಫುಟ್‌ಬಾಲ್ ಪಂದ್ಯ ಹಾಕಿ. ಚೆಂಡು ನೋಡಬೇಡಿ. ಗೋಡೆಯ ಎದುರು ಬಗ್ಗಿ ನಿಂತಿರುವ ಒಬ್ಬರನ್ನು ಆರಿಸಿಕೊಂಡು ಹತ್ತು ಆಟ ಪೂರ್ತಿ ಅವರನ್ನೇ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅವರು ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟದೇ ಇರಬಹುದು. ಆ ಒಂಬತ್ತು ಸಲ ಏನು ಮಾಡಿದರು ಅಂತ ಬರೆದುಕೊಳ್ಳಿ. ಮುಂದಿನ ಕ್ಲಬ್ ಮೀಟಿಂಗ್‌ನಲ್ಲಿ ಕೂತು ಮಾತಾಡೋಣ.